ಹೊರುವ ಕೆಲಸ ಒಪ್ಪಿಸಿ, ಆರಿಸುವ ಕೆಲಸ ಉಳಿಸಿಕೊಳ್ಳಿ

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಮೂರು ವರ್ಷದ ಮಗು, ಮಂಡಿನೋವಿನ ಅತ್ತೆ ಇದ್ದಾರೆ. ದಿನಸಿ, ತರಕಾರಿ ಎಲ್ಲವನ್ನೂ ಆ್ಯಪ್‌ನಲ್ಲಿ ಆರ್ಡರ್ ಮಾಡಿ ಮನೆಗೇ ತರಿಸೋಣ ಎನ್ನುವುದು ನನ್ನ ಮಾತು. ದುಡ್ಡು ದಂಡ, ತರಕಾರಿ ಚೆನ್ನಾಗಿರುವುದಿಲ್ಲ, ಬೇಡದ್ದನ್ನೆಲ್ಲ ಕೊಳ್ಳುತ್ತೇವೆ ಎನ್ನುವುದು ನಮ್ಮ ಯಜಮಾನರ ಮಾತು. ವರ್ಷದ ಸದಸ್ಯತ್ವ ತೆಗೆದುಕೊಂಡರೆ ಡೆಲಿವರಿ ಉಚಿತವಂತೆ. ಇದನ್ನೆಲ್ಲ ಯಾವ ಲೆಕ್ಕದಲ್ಲಿ ತೀರ್ಮಾನಿಸಬೇಕು?

ಉತ್ತರ: ನಿಮ್ಮ ಯಜಮಾನರ ಮೂರು ಆಕ್ಷೇಪಗಳಲ್ಲೂ ಹುರುಳಿದೆ. ನಿಮ್ಮ ಕಷ್ಟವೂ ಅಷ್ಟೇ ನಿಜ. ಇಬ್ಬರ ಮಾತೂ ಸರಿಯಿದ್ದು ಚರ್ಚೆ ಮುಗಿಯುತ್ತಿಲ್ಲ ಎಂದರೆ, ಇಡೀ ಪಟ್ಟಿಗೆ ಒಂದೇ ಉತ್ತರ ಹುಡುಕುತ್ತಿದ್ದೀರಿ ಎಂದರ್ಥ. ಅಂಗಡಿಗೆ ಹೋಗಿಬರುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಆರಿಸುವುದು, ಇನ್ನೊಂದು ಹೊತ್ತು ತರುವುದು. ಬಟ್ಟೆ ಸೋಪನ್ನು ಯಾರು ಹೊತ್ತು ತಂದರೂ ಅದು ಅದೇ ಸೋಪು. ಟೊಮೆಟೊ ಹಾಗಲ್ಲ, ಯಾರ ಕೈ ಅದನ್ನು ಆರಿಸಿತು ಎನ್ನುವುದರ ಮೇಲೆ ಅದು ನಾಲ್ಕು ದಿನ ಇರುತ್ತದೋ, ಮರುದಿನವೇ ಕಸಕ್ಕೆ ಹೋಗುತ್ತದೋ ನಿರ್ಧಾರವಾಗುತ್ತದೆ. ಹೊರುವುದಷ್ಟೇ ಇರುವ ಸಾಮಾನನ್ನು ನಿಶ್ಚಿಂತೆಯಿಂದ ತರಿಸಿಕೊಳ್ಳಿ. ಆರಿಸಬೇಕಾದ ಸಾಮಾನನ್ನು ಆದಷ್ಟು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ನನ್ನ ಉತ್ತರದ ತಿರುಳು ಇಷ್ಟೇ. ಆದರೆ ನೀವು ಲೆಕ್ಕ ಕೇಳಿದ್ದೀರಿ, ಹಾಗಾಗಿ ವಿವರವಾಗಿ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ಗಿರಾಕಿಯೇ ಕಪಾಟಿನಿಂದ ಸಾಮಾನು ತೆಗೆದು ಬುಟ್ಟಿಗೆ ಹಾಕಿಕೊಳ್ಳುವ ಪದ್ಧತಿಗೆ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಹೆಸರಿನ ಅಂಗಡಿ ತೆರೆದು ಅದನ್ನು ಬಳಕೆಗೆ ತಂದ. ಅಲ್ಲಿಯವರೆಗೆ ಚೀಟಿ ಓದಿ, ಸಾಮಾನು ತೆಗೆದು, ತೂಗಿ, ಕಟ್ಟಿಕೊಡುವುದು ಅಂಗಡಿಯಾಳಿನ ಕೆಲಸವಾಗಿತ್ತು. ಆ ಕೆಲಸವನ್ನು ಗಿರಾಕಿಗಳು ಸಂಬಳವಿಲ್ಲದೆ ಮಾಡತೊಡಗಿದಾಗ ಅಂಗಡಿಯ ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. ಡೆಲಿವರಿ ಎಂದರೆ ಆ ಕೆಲಸವನ್ನು ಮತ್ತೆ ಕೂಲಿ ಕೊಟ್ಟು ಮಾಡಿಸುವುದು, ಅದರ ಮೇಲೆ ಮನೆ ಬಾಗಿಲವರೆಗಿನ ಸಾಗಣೆಯ ಖರ್ಚನ್ನೂ ಸೇರಿಸುವುದು. ಈ ಖರ್ಚು ಎಲ್ಲಿಯೋ ಇರಲೇಬೇಕು. ಹೂಡಿಕೆದಾರರ ಹಣದಿಂದ ಸ್ವಲ್ಪ ಕಾಲ ಅದನ್ನು ಮುಚ್ಚಿಡಬಹುದು, ಇಲ್ಲವಾಗಿಸಲು ಆಗುವುದಿಲ್ಲ. ಮನೆಗೆ ದಿನಸಿ ತಲುಪಿಸಲು ಅಮೆರಿಕದಲ್ಲಿ 1999ರಲ್ಲಿ ಸೇವೆ ಆರಂಭಿಸಿದ ವೆಬ್‌ವ್ಯಾನ್ ಕಂಪನಿ ದೊಡ್ಡ ದೊಡ್ಡ ಸ್ವಯಂಚಾಲಿತ ಗೋದಾಮುಗಳಿಗೆ ಹಣ ಸುರಿದು 2001ರಲ್ಲಿ ದಿವಾಳಿಯಾಯಿತು. ಕೆಲವೇ ನಿಮಿಷಗಳಲ್ಲಿ ತಲುಪಿಸುತ್ತೇವೆಂದು 2015ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಗೆಟಿರ್, 2022ರಲ್ಲಿ ತನ್ನ ಪ್ರತಿಸ್ಪರ್ಧಿ ಗೊರಿಲ್ಲಾಸ್ ಅನ್ನೇ ಕೊಂಡುಕೊಂಡು, 2024ರಲ್ಲಿ ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ಅಮೆರಿಕಗಳಿಂದ ಹೊರಬಂತು. ಆದ್ದರಿಂದ ಡೆಲಿವರಿ ಉಚಿತ ಎಂದು ಕಂಡಾಗ, ಹಾಗಾದರೆ ಈ ಕೂಲಿ ಎಲ್ಲಿ ಸೇರಿಕೊಂಡಿದೆ ಎಂದು ಕೇಳಿಕೊಳ್ಳಬೇಕು.

ಅದು ಸಾಮಾನ್ಯವಾಗಿ ನಾಲ್ಕೈದು ಕಡೆ ಇರುತ್ತದೆ. ಡೆಲಿವರಿ ಶುಲ್ಕ ಕಣ್ಣಿಗೆ ಕಾಣುವಂಥದ್ದು. ಪ್ಯಾಕಿಂಗ್, ನಿರ್ವಹಣೆ, ಸಣ್ಣ ಆರ್ಡರ್, ಜನಸಂದಣಿಯ ಹೊತ್ತು ಎಂದು ಬೇರೆ ಬೇರೆ ಹೆಸರಿನ ಸಣ್ಣ ಶುಲ್ಕಗಳು ಬಿಲ್ಲಿನ ಕೊನೆಯ ಪರದೆಯಲ್ಲಷ್ಟೇ ಕಾಣಿಸುತ್ತವೆ. ಜನ ಸಾಮಾನ್ಯವಾಗಿ ಗಮನಿಸದೇ ಬಿಡುವುದು ಸಾಮಾನಿನ ಬೆಲೆಯನ್ನೇ. ಒಂದೇ ಅಂಗಡಿಯ ಒಂದೇ ಪೊಟ್ಟಣಕ್ಕೆ ಕಪಾಟಿನಲ್ಲಿ ಒಂದು ಬೆಲೆ, ಆ್ಯಪ್‌ನಲ್ಲಿ ಇನ್ನೊಂದು ಬೆಲೆ ಇರಬಹುದು. ಅಂಗಡಿಯಲ್ಲಿ ಸಿಗುವ ರಿಯಾಯಿತಿ ಆ್ಯಪ್‌ನಲ್ಲಿ ಸಿಗದಿರಬಹುದು, ಕೆಲವೊಮ್ಮೆ ಇದು ತಿರುಗುಮುರುಗಾಗಿಯೂ ಇರುತ್ತದೆ. ನೀವು ಪ್ರತಿ ತಿಂಗಳೂ ತಪ್ಪದೆ ಕೊಳ್ಳುವ ಹತ್ತು ಹನ್ನೆರಡು ವಸ್ತುಗಳನ್ನು ಬರೆದುಕೊಂಡು, ಒಂದೇ ದಿನ ಎರಡೂ ಕಡೆಯ ಬೆಲೆ ಹೋಲಿಸಿ ನೋಡಿ. ಒಮ್ಮೆ ಈ ಶ್ರಮ ತೆಗೆದುಕೊಂಡರೆ ಮನೆಯ ಚರ್ಚೆಗೆ ಒಂದು ನೆಲೆ ಸಿಗುತ್ತದೆ. ಹೋಲಿಸುವಾಗ ಪೊಟ್ಟಣದ ಬೆಲೆ ಬಿಟ್ಟು, ಕೆಜಿಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಪರದೆಯ ಮೇಲೆ 200 ಗ್ರಾಂ ಪೊಟ್ಟಣವೂ ಒಂದು ಕೆಜಿ ಪೊಟ್ಟಣವೂ ಒಂದೇ ಗಾತ್ರದ ಚಿತ್ರ. ಕೈಯಲ್ಲಿ ಹಿಡಿದಾಗ ತಟ್ಟನೆ ತಿಳಿಯುವ ವ್ಯತ್ಯಾಸ ಅಲ್ಲಿ ತಿಳಿಯುವುದಿಲ್ಲ. ಹುಡುಕಿದಾಗ ಮೊದಲು ಬರುವ ವಸ್ತುಗಳಲ್ಲಿ ಹಲವು ಕಂಪನಿಗಳು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತುಗಳು ಎನ್ನುವುದೂ ನೆನಪಿರಲಿ.

ಶುಲ್ಕದ ವಿಷಯದಲ್ಲಿ ಆರ್ಡರಿನ ಗಾತ್ರವೇ ಎಲ್ಲ. ಆರ್ಡರಿಗೆ 20 ಶುಲ್ಕ ಎಂದಿಟ್ಟುಕೊಳ್ಳಿ. ಬಿಲ್ 100 ಆಗಿದ್ದರೆ ಅದು ಐದನೇ ಒಂದು ಪಾಲು, ಬಿಲ್ 1000 ಆಗಿದ್ದರೆ ಐವತ್ತರಲ್ಲಿ ಒಂದು ಪಾಲು. ವಾರಕ್ಕೆ ನಾಲ್ಕು ಸಲ ಚಿಲ್ಲರೆ ಚಿಲ್ಲರೆಯಾಗಿ ತರಿಸುವ ಮನೆಗೂ ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ತರಿಸುವ ಮನೆಗೂ ಡೆಲಿವರಿ ಒಂದೇ ವೆಚ್ಚದ್ದಲ್ಲ. ಹಾಗೆಂದು ಉಚಿತ ಡೆಲಿವರಿಯ ಕನಿಷ್ಠ ಮೊತ್ತ ಮುಟ್ಟಿಸಲು ಬೇಡದ ಸಾಮಾನು ಸೇರಿಸಿದರೆ, ಶುಲ್ಕ ಉಳಿಸಲು ಶುಲ್ಕಕ್ಕಿಂತ ಹೆಚ್ಚು ಖರ್ಚು ಮಾಡಿದಂತಾಗುತ್ತದೆ. ಸೇರಿಸುವುದಾದರೆ ಮುಂದಿನ ತಿಂಗಳು ಹೇಗೂ ಬೇಕಾಗುವ, ಕೆಡದ ವಸ್ತುವನ್ನೇ ಸೇರಿಸಿ.

ವರ್ಷದ ಸದಸ್ಯತ್ವವನ್ನು ಈಗಲೇ ತೆಗೆದುಕೊಳ್ಳಬೇಡಿ. ಎರಡು ತಿಂಗಳು ಶುಲ್ಕ ಕೊಟ್ಟೇ ತರಿಸಿ, ಎಷ್ಟು ಆರ್ಡರ್ ಆಯಿತೆಂದು ಎಣಿಸಿ. ಸದಸ್ಯತ್ವದ ಮೊತ್ತವನ್ನು ಒಂದು ಆರ್ಡರಿನ ಶುಲ್ಕದಿಂದ ಭಾಗಿಸಿದರೆ, ವರ್ಷಕ್ಕೆ ಎಷ್ಟು ಆರ್ಡರ್ ಮಾಡಿದರೆ ಅದು ಗಿಟ್ಟುತ್ತದೆ ಎನ್ನುವ ಸಂಖ್ಯೆ ಸಿಗುತ್ತದೆ. ನಿಮ್ಮ ಸಹಜವಾದ ಆರ್ಡರುಗಳ ಸಂಖ್ಯೆ ಅದನ್ನು ದಾಟಿದರೆ ಮಾತ್ರ ತೆಗೆದುಕೊಳ್ಳಿ. ಇಲ್ಲಿ ನನಗೆ ಇನ್ನೊಂದು ಆತಂಕವೂ ಇದೆ. ಮೊದಲೇ ದುಡ್ಡು ಕಟ್ಟಿದ ಮೇಲೆ ಅದನ್ನು ಗಿಟ್ಟಿಸಿಕೊಳ್ಳಬೇಕೆಂಬ ಮನಸ್ಸಾಗುತ್ತದೆ. ಪಕ್ಕದಲ್ಲೇ ಕಡಿಮೆಗೆ ಸಿಗುವುದೂ ಆ್ಯಪ್‌ನಿಂದಲೇ ಬರತೊಡಗುತ್ತದೆ, ಬೆಲೆ ಹೋಲಿಸುವ ಅಭ್ಯಾಸ ತಪ್ಪಿಹೋಗುತ್ತದೆ. ಅವಧಿ ಮುಗಿದ ಮೇಲೆ ತಾನಾಗಿಯೇ ನವೀಕರಣವಾಗುವ ಷರತ್ತು ಇದೆಯೇ ಎನ್ನುವುದನ್ನೂ ನೋಡಿಕೊಳ್ಳಿ.

ಇನ್ನು ತರಕಾರಿ ಚೆನ್ನಾಗಿ ಬರುವುದಿಲ್ಲ ಎನ್ನುವ ಮಾತು. ಆರಿಸುವವರು ಉದಾಸೀನರು ಎಂದಲ್ಲ, ಅವರ ಕೆಲಸವನ್ನು ಅಳೆಯುವ ರೀತಿಯೇ ಬೇರೆ. ಗಂಟೆಗೆ ಎಷ್ಟು ವಸ್ತು ತೆಗೆದರು ಎನ್ನುವುದು ಅವರ ಮುಖ್ಯ ಅಳತೆ. ನೀವು ಒಂದೊಂದು ಕಾಯನ್ನೂ ತಿರುಗಿಸಿ, ಒತ್ತಿ ನೋಡುವಷ್ಟು ಹೊತ್ತು ಅವರಿಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ದಿನಾಂಕ. ಅಂಗಡಿಯವರು ಬೇಗ ಅವಧಿ ಮುಗಿಯುವ ಹಾಲು, ಬ್ರೆಡ್ಡುಗಳನ್ನು ಕಪಾಟಿನ ಮುಂದಕ್ಕೆ ಇಡುತ್ತಾರೆ, ಹೊಸದನ್ನು ಹಿಂದಕ್ಕೆ. ಅನುಭವಸ್ಥ ಗಿರಾಕಿ ಕೈ ಹಿಂದಕ್ಕೆ ಚಾಚುತ್ತಾನೆ. ಅವಸರದಲ್ಲಿರುವ ಕೆಲಸಗಾರ ಮುಂದಿರುವುದನ್ನು ತೆಗೆದುಕೊಳ್ಳುತ್ತಾನೆ. ಗಿರಾಕಿಗಳೇ ಬಾರದ, ಡೆಲಿವರಿಗೆಂದೇ ಇರುವ ಗೋದಾಮುಗಳಲ್ಲಿ ಮೊದಲು ಅವಧಿ ಮುಗಿಯುವುದು ಮೊದಲು ಹೊರಹೋಗಬೇಕು ಎನ್ನುವುದೇ ನಿಯಮ. ಆಹಾರ ವ್ಯರ್ಥವಾಗದಿರಲು ಅದು ಒಳ್ಳೆಯ ನಿಯಮವೇ, ಆದರೆ ಮೂರು ದಿನದಲ್ಲಿ ಮುಗಿಸಬೇಕಾದ್ದು ನಿಮ್ಮ ಮನೆಗೆ ಬರುವ ಸಾಧ್ಯತೆ ಹೆಚ್ಚು ಎನ್ನುವುದೂ ಹೌದು.

ಇದಕ್ಕೆ ಸ್ವಲ್ಪ ಮಟ್ಟಿಗೆ ಉಪಾಯವಿದೆ. ಟಿಪ್ಪಣಿ ಬರೆಯಲು ಜಾಗವಿದ್ದರೆ 'ಒಳ್ಳೆಯದು ಕೊಡಿ' ಎಂದು ಬರೆದು ಪ್ರಯೋಜನವಿಲ್ಲ. 'ಬಾಳೆಹಣ್ಣು ಇನ್ನೂ ಹಸಿರಿರಲಿ, ಮೂರು ದಿನದ ನಂತರ ಬೇಕು' ಎಂದು ಬರೆಯಿರಿ. ನೋಡಿದ ಕೂಡಲೇ ತೀರ್ಮಾನಿಸಬಹುದಾದ ಸೂಚನೆಯನ್ನು ಜನ ಪಾಲಿಸುತ್ತಾರೆ. ಆಲೂಗಡ್ಡೆ, ಈರುಳ್ಳಿ, ಎಲೆಕೋಸುಗಳಂಥ ಗಟ್ಟಿ ತರಕಾರಿಯಲ್ಲಿ ಅಪಾಯ ಕಡಿಮೆ. ಸೊಪ್ಪು, ಮೆತ್ತನೆಯ ಹಣ್ಣು, ಮೀನು, ಮಾಂಸಗಳಲ್ಲಿ ಹೆಚ್ಚು.

ಬದಲಿ ಸಾಮಾನಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಕೇಳಿದ್ದು ಖಾಲಿಯಾಗಿದ್ದರೆ ಅದನ್ನೇ ಹೋಲುವ ಇನ್ನೊಂದನ್ನು ಕಳಿಸುವುದು ಹಲವು ಸೇವೆಗಳ ರೂಢಿ. ಸೋಪಿನ ಬ್ರ್ಯಾಂಡ್ ಬದಲಾದರೆ ಪರವಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿಯೋ ಹಾಲೋ ಗೋಧಿಯೋ ಒಗ್ಗುವುದಿಲ್ಲ ಎಂದಾದರೆ ಅದು ಪ್ರಾಣಾಪಾಯದ ವಿಷಯವೂ ಆಗಬಹುದು. ಅಂಥ ವಸ್ತುಗಳಿಗೆ 'ಬದಲಿ ಬೇಡ' ಎಂಬ ಆಯ್ಕೆ ಒತ್ತಿ. ಹಾಗಿದ್ದೂ ಬೇರೆಯದೇನಾದರೂ ಬಂದರೆ ಪೊಟ್ಟಣದ ಹಿಂದಿನ ಪಟ್ಟಿ ಓದದೆ ಒಳಗಿಡಬೇಡಿ. ಮೂರು ವರ್ಷದ ಮಗುವಿರುವ ಮನೆಯಲ್ಲಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತಂಪಾಗಿರಬೇಕಾದ ಆಹಾರಕ್ಕೆ ಬೇರೆಯದೇ ಲೆಕ್ಕ. 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಬೇಗ ಕೆಡುವ ಆಹಾರ ಆ ಬಿಸಿಯಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎನ್ನುವುದು ಅಮೆರಿಕದ ಕೃಷಿ ಇಲಾಖೆ ಹೇಳುವ ಸೂತ್ರ. ಫ್ರೀಜರಿನ ವಸ್ತು ಮೈನಸ್ 18 ಡಿಗ್ರಿಯಲ್ಲಿರಬೇಕು. ನೀವೇ ಹೋದರೆ ಹಾಲು, ಮಾಂಸಗಳನ್ನು ಕೊನೆಯಲ್ಲಿ ಬುಟ್ಟಿಗೆ ಹಾಕಿಕೊಂಡು ಸೀದಾ ಮನೆಗೆ ಬರುತ್ತೀರಿ, ಹೊರಗಿದ್ದ ಹೊತ್ತು ನಿಮಗೆ ಗೊತ್ತು. ಡೆಲಿವರಿಯಲ್ಲಿ ಚೀಲ ಎಷ್ಟು ಹೊತ್ತು ಎಲ್ಲಿತ್ತೆಂದು ತಿಳಿಯುವುದಿಲ್ಲ. ಐಸ್‌ಕ್ರೀಂ ಕರಗಿ ಮತ್ತೆ ಗಟ್ಟಿಯಾದಂತೆ ಕಂಡರೆ, ಹಾಲಿನ ಪ್ಯಾಕೆಟ್ ಬೆಚ್ಚಗಿದ್ದರೆ ಆಗಲೇ ಫೋಟೊ ತೆಗೆದು ದೂರು ಕೊಡಿ. ಯಾರೂ ಇಲ್ಲದ ಹೊತ್ತಿನಲ್ಲಿ ಬಾಗಿಲ ಬಳಿ ಇಟ್ಟು ಹೋಗಿ ಎನ್ನುವ ಸೌಲಭ್ಯವನ್ನು ಇಂಥ ವಸ್ತುಗಳಿಗೆ ಬಳಸಲೇಬೇಡಿ.

ಬೇಡದ್ದೆಲ್ಲ ಕೊಳ್ಳುತ್ತೇವೆ ಎನ್ನುವ ಮೂರನೆಯ ಆಕ್ಷೇಪಕ್ಕೆ ಒಳ್ಳೆಯ ಅಧ್ಯಯನವೊಂದಿದೆ. ಕ್ಯಾಥರೀನ್ ಮಿಲ್ಕ್‌ಮನ್, ಟಾಡ್ ರಾಜರ್ಸ್, ಮ್ಯಾಕ್ಸ್ ಬೇಜರ್‌ಮನ್ ಎಂಬ ಸಂಶೋಧಕರು ಆನ್‌ಲೈನ್ ದಿನಸಿ ವ್ಯಾಪಾರದ ದತ್ತಾಂಶ ನೋಡಿ 2010ರಲ್ಲಿ ಪ್ರಕಟಿಸಿದ್ದು. ಆರ್ಡರ್ ಮಾಡುವುದಕ್ಕೂ ಸಾಮಾನು ಬರುವುದಕ್ಕೂ ನಡುವೆ ದಿನಗಳು ಹೆಚ್ಚಾದಷ್ಟೂ ಜನ ಕಡಿಮೆ ಖರ್ಚು ಮಾಡುತ್ತಾರೆ, ಬುಟ್ಟಿಯಲ್ಲಿ ತರಕಾರಿಯಂಥವುಗಳ ಪಾಲು ಏರುತ್ತದೆ, ಐಸ್‌ಕ್ರೀಂನಂಥವುಗಳ ಪಾಲು ಇಳಿಯುತ್ತದೆ ಎಂದು ಅವರಿಗೆ ಕಂಡಿತು. ನಾಡಿದ್ದಿಗೆ ಬೇಕಾದ್ದನ್ನು ಆರಿಸುವಾಗ ನಾವು ಮನೆಯ ಅಗತ್ಯ ನೋಡುತ್ತೇವೆ, ಈಗಲೇ ಬರುತ್ತದೆ ಎಂದಾಗ ನಾಲಿಗೆಯ ಚಪಲ ಮುಂದೆ ಬರುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಕೇಳಬೇಕಾದ್ದು ಯಾವ ಬಗೆಯ ಡೆಲಿವರಿ ಎಂದು. ಹತ್ತು ನಿಮಿಷದಲ್ಲಿ ಬರುವುದಕ್ಕೂ, ದಿನ ಗೊತ್ತುಮಾಡಿ ತರಿಸುವುದಕ್ಕೂ ಅಜಗಜಾಂತರವಿದೆ. ತಕ್ಷಣದ ಡೆಲಿವರಿ ಪಟ್ಟಿ ಬರೆಯುವ ಅಭ್ಯಾಸವನ್ನೇ ಅಳಿಸುತ್ತದೆ. ನೆನಪಾದಾಗ ಒಂದು, ನೋಟಿಫಿಕೇಶನ್ ಬಂದಾಗ ಇನ್ನೊಂದು ಎಂದು ದಿನಕ್ಕೆರಡು ಸಲ ಬಾಗಿಲ ಗಂಟೆ ಬಾರಿಸುತ್ತದೆ. ಅದನ್ನು ಮಗುವಿಗೆ ಜ್ವರ ಬಂದ ರಾತ್ರಿಗಳಿಗೆ ಮೀಸಲಿಡಿ. ಆ್ಯಪ್‌ನ ನೋಟಿಫಿಕೇಶನ್ ಇವತ್ತೇ ನಿಲ್ಲಿಸಿ.

ಅಂಗಡಿಗೆ ಹೋದರೆ ಬೇಡದ್ದು ಕೊಳ್ಳುವುದಿಲ್ಲ ಎಂದೇನೂ ಅಲ್ಲ. ಬಿಲ್ ಕೌಂಟರ್ ಪಕ್ಕದ ಚಾಕೊಲೇಟುಗಳು ಮಕ್ಕಳ ಕಣ್ಣಿನ ಎತ್ತರಕ್ಕೇ ಇರುತ್ತವೆ. ಆ ಲೆಕ್ಕದಲ್ಲಿ, ಬೇಕಾದ್ದನ್ನು ಸೇರಿಸುತ್ತಾ ಹೋದಂತೆ ಒಟ್ಟು ಮೊತ್ತ ಕಣ್ಣೆದುರೇ ಏರುವುದು ಆ್ಯಪ್‌ನ ನಿಜವಾದ ಉಪಕಾರ. ಮೊತ್ತ ಮಿತಿ ಮೀರಿದರೆ ಅಲ್ಲೇ ಎರಡು ವಸ್ತು ತೆಗೆದುಹಾಕಬಹುದು, ಸಂಕೋಚಪಡಬೇಕಿಲ್ಲ. ಕೈ ಬಿಗಿಯಿರುವ ತಿಂಗಳಲ್ಲಿ ಇದು ದೊಡ್ಡ ಸಮಾಧಾನ.

ಸಮಯ ಉಳಿಯುತ್ತದೆಯೇ? ನೀವು ಹೇಗೂ ಕೆಲಸದಿಂದ ಬರುವ ದಾರಿಯಲ್ಲೇ ಅಂಗಡಿಯಿದ್ದರೆ ಉಳಿಯುವುದು ಕಡಿಮೆ. ಅದಕ್ಕೆಂದೇ ರಜಾದಿನ ಹೊರಡಬೇಕಾಗಿದ್ದರೆ, ಮಗುವನ್ನು ಕರೆದುಕೊಂಡು ಸಾಲಿನಲ್ಲಿ ನಿಲ್ಲಬೇಕಾಗಿದ್ದರೆ ಬಹಳ ಉಳಿಯುತ್ತದೆ. ಡೆಲಿವರಿಗೂ ಸಮಯ ಹಿಡಿಯುತ್ತದೆ. ಹುಡುಕುವುದು, ಸ್ಲಾಟ್‌ಗಾಗಿ, ಎಂದರೆ ಸಾಮಾನು ತಲುಪಿಸುವ ನಿಗದಿತ ಹೊತ್ತಿಗಾಗಿ ಕಾಯುವುದು, ಬಂದಾಗ ಮನೆಯಲ್ಲಿರುವುದು, ಎಣಿಸಿ ನೋಡುವುದು, ಏನಾದರೂ ಬಿಟ್ಟುಹೋಗಿದ್ದರೆ ದೂರು ಕೊಡುವುದು. ಇದರಲ್ಲಿ ಹೆಚ್ಚಿನದು ಮೊದಲ ತಿಂಗಳಿನದು. ಒಮ್ಮೆ ನಿಮ್ಮ ಪಟ್ಟಿಯನ್ನು ಆ್ಯಪ್‌ನಲ್ಲಿ ಉಳಿಸಿಟ್ಟರೆ ಮುಂದಿನ ಸಲ ಬಹಳ ಬೇಗ ಮುಗಿಯುತ್ತದೆ.

ಇಲ್ಲಿ ನಿಮ್ಮ ಅತ್ತೆಯವರ ವಿಷಯ ಬರುತ್ತದೆ. ನೀವಿಬ್ಬರೂ ಕೆಲಸದಲ್ಲಿದ್ದಾಗ ಮಧ್ಯಾಹ್ನ ಸಾಮಾನು ಬಂದರೆ ಎದ್ದು ಬಾಗಿಲು ತೆರೆಯುವವರು ಅವರು, ಭಾರದ ಚೀಲ ಒಳಗೆಳೆಯುವವರು ಅವರು, ಹಾಲು ಕೆಡುತ್ತದೆಂದು ಬಗ್ಗಿ ಫ್ರಿಜ್ಜಿಗಿಡುವವರೂ ಅವರೇ. ನಿಮ್ಮ ಹೊರೆ ಇಳಿದದ್ದು ಅವರ ಮಂಡಿಯ ಮೇಲೆ ಕೂರಬಾರದು. ನೀವು ಮನೆಯಲ್ಲಿರುವ ಸ್ಲಾಟನ್ನೇ ಆರಿಸಿ, ಅದಕ್ಕೆ ಒಂದು ದಿನ ಹೆಚ್ಚು ಕಾಯಬೇಕಾದರೂ ಸರಿ.

ಹಿರಿಯರಿಗೆ ಈ ಸೇವೆಯಿಂದ ಆಗುವ ಉಪಕಾರವನ್ನು ನಾನು ಕಡೆಗಣಿಸುತ್ತಿಲ್ಲ. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 72 ವರ್ಷದ ಜೇನ್ ಸ್ನೋಬಾಲ್ ಎಂಬಾಕೆ ಟಿವಿ ರಿಮೋಟ್ ಒತ್ತಿ ಟೆಸ್ಕೊ ಅಂಗಡಿಯಿಂದ ಮಾರ್ಗರೀನ್, ಕಾರ್ನ್‌ಫ್ಲೇಕ್ಸ್, ಮೊಟ್ಟೆ ತರಿಸಿದ್ದನ್ನು ಮನೆಯಿಂದಲೇ ಮಾಡಿದ ಮೊದಲ ಆನ್‌ಲೈನ್ ಖರೀದಿ ಎಂದು ಹಲವರು ಗುರುತಿಸುತ್ತಾರೆ. ಓಡಾಡಲಾಗದ ವೃದ್ಧರಿಗಾಗಿ ಅಲ್ಲಿನ ಸ್ಥಳೀಯ ಆಡಳಿತ ಕೈಗೊಂಡ ಯೋಜನೆ ಅದು. ಸೌಕರ್ಯ, ವೇಗ ಎಂಬ ಮಾತುಗಳು ಬರುವುದಕ್ಕೆ ಎಷ್ಟೋ ಮುಂಚೆಯೇ ಈ ಸೇವೆ ಇಂಥವರ ಅಗತ್ಯಕ್ಕೆ ಒದಗಿತ್ತು. ಹೊರಗೆ ಹೋಗಲಾಗದವರು, ಬಾಣಂತಿಯರು, ಕಾಯಿಲೆಯವರನ್ನು ಒಬ್ಬರೇ ನೋಡಿಕೊಳ್ಳುವವರು ಶುಲ್ಕದ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಅವರ ಮಟ್ಟಿಗೆ ಅದು ದುಂದಲ್ಲ. ಆದರೂ ನಿಮ್ಮ ಅತ್ತೆಯವರನ್ನು ಒಮ್ಮೆ ಕೇಳಿ. ನಿಧಾನವಾಗಿ ನಡೆದು ಹೋಗಿ, ಸೊಪ್ಪು ಆರಿಸಿ, ನಾಲ್ಕು ಮಾತಾಡಿ ಬರುವುದು ಅವರಿಗೆ ಇಷ್ಟವಿರಬಹುದು. ಚೀಲ ಹೊರುವುದು ಬೇಡವಾಗಿರಬಹುದು, ಹೋಗುವುದೇ ಬೇಡವೆಂದಲ್ಲ. ಅವರ ಪರವಾಗಿ ನೀವೇ ತೀರ್ಮಾನ ಮಾಡಬೇಡಿ.

ಪರಿಸರದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದಂತೆ, ಒಬ್ಬೊಬ್ಬರೂ ಕಾರಿನಲ್ಲಿ ಹೋಗಿ ಸಾಮಾನು ತರುವುದಕ್ಕಿಂತ ಒಂದೇ ವಾಹನ ಹಲವು ಮನೆಗೆ ತಲುಪಿಸಿದರೆ ಇಂಗಾಲದ ಡೈಆಕ್ಸೈಡ್ ಶೇ. 20ರಿಂದ 75ರಷ್ಟು ಕಡಿಮೆಯಾಗುತ್ತದೆ. ಒಂದೇ ಬಡಾವಣೆಯ ಆರ್ಡರುಗಳನ್ನು ಒಟ್ಟುಗೂಡಿಸಿದರೆ ಉಳಿತಾಯ ಇನ್ನೂ ಹೆಚ್ಚು. ನೀವು ನಡೆದೇ ಹೋಗುವವರಾದರೆ ಈ ಹೋಲಿಕೆ ನಿಮಗೆ ಅನ್ವಯಿಸುವುದಿಲ್ಲ, ಒಂದೊಂದು ಪೊಟ್ಟಣಕ್ಕೆ ಒಂದೊಂದು ಗಾಡಿ ಓಡುವ ತಕ್ಷಣದ ಡೆಲಿವರಿಗೂ ಅನ್ವಯಿಸುವುದಿಲ್ಲ.

ನಿಮ್ಮ ಮನೆಗೆ ನನ್ನ ಸಲಹೆ ಹೀಗಿದೆ. ಧಾನ್ಯ, ಬೇಳೆ, ಎಣ್ಣೆ, ಸೋಪು, ಮಗುವಿನ ಡೈಪರ್ ಇಂಥ ಭಾರದ, ಕೆಡದ ಸಾಮಾನನ್ನೆಲ್ಲ ಹದಿನೈದು ದಿನಕ್ಕೊಮ್ಮೆ, ಎರಡು ದಿನ ಮುಂಚಿತವಾಗಿ ಆರ್ಡರ್ ಮಾಡಿ, ನೀವಿಬ್ಬರಲ್ಲಿ ಒಬ್ಬರು ಮನೆಯಲ್ಲಿರುವ ಹೊತ್ತಿಗೆ ತರಿಸಿ. ಸೊಪ್ಪು, ಹಣ್ಣು, ಮೀನು, ಮಾಂಸ ನಿಮ್ಮ ಯಜಮಾನರ ಪಾಲಿಗಿರಲಿ. ಆರಿಸುವುದರಲ್ಲಿ ಅವರಿಗೆ ಕಾಳಜಿ ಇದೆಯೆಂದು ಅವರ ಆಕ್ಷೇಪದಲ್ಲೇ ಕಾಣುತ್ತದೆ, ಭಾರವಿಲ್ಲದ ಚೀಲ ಹಿಡಿದು ದಾರಿಯಲ್ಲಿ ತರುವುದು ದೊಡ್ಡ ಹೊರೆಯೂ ಅಲ್ಲ. ಎರಡು ತಿಂಗಳ ಬಿಲ್ಲುಗಳನ್ನು ಎತ್ತಿಟ್ಟು, ಕೆಟ್ಟು ಎಸೆದದ್ದನ್ನೂ ಅದರ ಪಕ್ಕದಲ್ಲೇ ಬರೆದಿಡಿ. ಎಸೆದ ಆಹಾರದ ಬೆಲೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಡೆಲಿವರಿ ಶುಲ್ಕಕ್ಕಿಂತ ಅದೇ ದೊಡ್ಡದಿರುತ್ತದೆ ಎನ್ನುವುದು ನನ್ನ ಅನಿಸಿಕೆ.

ಸಾಮಾನು ಬಂದಾಗ ಮೊದಲು ತಂಪಿನ ವಸ್ತು, ಆಮೇಲೆ ಮೊಟ್ಟೆ, ಗಾಜಿನ ಬಾಟಲಿ, ಕೊನೆಗೆ ಉಳಿದದ್ದು ಎಂದು ನೋಡಿಕೊಳ್ಳಿ. ಬೇಗ ಕೆಡುವ ವಸ್ತುಗಳ ದೂರಿಗೆ ಕೆಲವು ಸೇವೆಗಳು ಕೊಡುವ ಗಡುವು ಬಹಳ ಚಿಕ್ಕದು, ಮರುದಿನ ಹೇಳಿದರೆ ಕೇಳುವವರಿರುವುದಿಲ್ಲ. ಲಿಫ್ಟ್ ಇಲ್ಲದ ಮನೆಯಾದರೆ ಎಷ್ಟನೇ ಮಹಡಿ ಎಂದು ವಿಳಾಸದಲ್ಲೇ ಬರೆಯಿರಿ. ಅಷ್ಟು ಭಾರ ಹೊತ್ತು ಮೆಟ್ಟಿಲೇರಿ ಬಂದವರಿಗೆ ಒಂದು ಲೋಟ ನೀರು ಕೊಡಿ. ಅನೇಕ ಕಡೆ ಸಾಮಾನು ಆರಿಸುವವರು ಬೇರೆ, ತಂದುಕೊಡುವವರು ಬೇರೆ. ಟೊಮೆಟೊ ಕೊಳೆತಿದ್ದರೆ ದೂರನ್ನು ಸಾಮಾನಿನ ಹೆಸರಿನಲ್ಲಿ ದಾಖಲಿಸಿ, ತಂದುಕೊಟ್ಟವರ ರೇಟಿಂಗ್ ಇಳಿಸಬೇಡಿ. ಅವರ ಮುಂದಿನ ಕೆಲಸ ಆ ಅಂಕಿಯನ್ನು ನಂಬಿಕೊಂಡಿರಬಹುದು.